ಉರಿಮೂತ್ರಕ್ಕೆ ಊರೆಲ್ಲ ವೈದ್ಯರು: ಯಾರ ಮಾತನ್ನು ಎಷ್ಟು ನಂಬಬೇಕು?

ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಟ್ರೇನ್ ಹತ್ತಿದರೆ ಕೊನೆಯ ಸ್ಟೇಷನ್ ಸಿಎಸ್‌ಎಂಟಿ ತಲುಪಲು ಒಂದೂಕಾಲು ಗಂಟೆ ಬೇಕು. ಆ ಗಾಡಿಯಲ್ಲಿ ಟಾಯ್ಲೆಟ್ ಇಲ್ಲ. ಅರ್ಧ ಗಂಟೆಗೊಮ್ಮೆ ಒಂದಕ್ಕೆ ಹೋಗಲೇಬೇಕು ಅನ್ನಿಸುವ ಹೆಂಗಸಿಗೆ ಈ ಪ್ರಯಾಣ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಆಫೀಸು ಮುಟ್ಟುವವರೆಗೆ ಒಂದು ಗುಟುಕು ನೀರೂ ಕುಡಿಯದವರು ಲೇಡೀಸ್ ಡಬ್ಬಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕಷ್ಟ ಒಂದು ಸಲ ಬಾಯಿಬಿಟ್ಟರೆ ಸಾಕು, ಸಲಹೆ ನಾಲ್ಕೂ ಕಡೆಯಿಂದ ಬರುತ್ತದೆ. "ನೀರು ಜಾಸ್ತಿ ಕುಡಿಯಿರಿ ಅಕ್ಕ" ಅನ್ನುತ್ತಾರೆ ಪಕ್ಕದ ಸೀಟಿನವರು. ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಬಾರ್ಲಿ ನೀರು, ಬಾಳೆದಿಂಡಿನ ರಸ, ಕೊತ್ತಂಬರಿ ಕಾಳಿನ ಕಷಾಯ. ಊರಿಂದ ಅತ್ತೆ ಫೋನ್ ಮಾಡಿ ಯಾವುದೋ ಬೇರಿನ ಹೆಸರು ಹೇಳುತ್ತಾರೆ. ಮೊಬೈಲ್ ತೆರೆದರೆ ರೀಲ್ಸ್‌ನಲ್ಲಿ ಮತ್ತೊಬ್ಬರು "ಏಳೇ ದಿನದಲ್ಲಿ ಗುಣ" ಅನ್ನುತ್ತಿರುತ್ತಾರೆ.

ಇವೆಲ್ಲ ಸುಮ್ನೆ ಮಾತು ಅಂತ ತಳ್ಳಿಹಾಕಲು ಬರುವುದಿಲ್ಲ. ಮೂತ್ರಕೋಶದ ಎಷ್ಟೋ ದೀರ್ಘಕಾಲದ ತೊಂದರೆಗಳಲ್ಲಿ ಮೂತ್ರರೋಗ ತಜ್ಞರಾದ ಯೂರಾಲಜಿಸ್ಟ್‌ಗಳೂ ಮೊದಲು ಹೇಳುವುದು ಮನೆಯಲ್ಲೇ ಮಾಡಿಕೊಳ್ಳುವ ಉಪಾಯಗಳನ್ನು. ಕಾಫಿ ಕಡಿಮೆ ಮಾಡಿ. ಅವಸರ ಬಂದ ಕೂಡಲೇ ಓಡದೆ ಸ್ವಲ್ಪ ಸ್ವಲ್ಪವೇ ತಡೆದು ಅಭ್ಯಾಸ ಮಾಡಿ. ಇಂಥ ವ್ಯಾಯಾಮ ಮಾಡಿ, ಇಂಥ ತಿಂಡಿ ಬಿಟ್ಟು ನೋಡಿ. ಮಾತ್ರೆ, ಇಂಜೆಕ್ಷನ್ ಎಲ್ಲ ಆಮೇಲೆ. ಹಾಗಾಗಿ ಮನೆಮದ್ದೋ ಡಾಕ್ಟರ ಮದ್ದೋ ಅಂತ ಜಗಳ ಮಾಡಿ ಪ್ರಯೋಜನವಿಲ್ಲ. ಈ ಸಲಹೆ ಹೊರಟದ್ದು ಯಾವ ಕಾಯಿಲೆಯಿಂದ, ನನಗಿರುವುದು ಯಾವ ಕಾಯಿಲೆ? ನನ್ನ ಪ್ರಕಾರ ಮುಕ್ಕಾಲು ಪಾಲು ಗೊಂದಲ ಈ ಒಂದೇ ಪ್ರಶ್ನೆಯಿಂದ ತಿಳಿಯಾಗುತ್ತದೆ.

ನೀರಿನ ಮಾತನ್ನೇ ತೆಗೆದುಕೊಳ್ಳಿ. ಅದಕ್ಕಿಂತ ನಿರಪಾಯದ ಸಲಹೆ ಇನ್ನೊಂದಿಲ್ಲ ಅಂತ ಎಲ್ಲರ ನಂಬಿಕೆ. ಪದೇ ಪದೇ ಮೂತ್ರದ ಸೋಂಕು ಬರುವ, ಮುಟ್ಟು ನಿಲ್ಲುವ ವಯಸ್ಸು ಇನ್ನೂ ಬಾರದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಕುಡಿಯುವ 140 ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು. ಹಳೆಯ ಹಾಗೆಯೇ ಇದ್ದವರಿಗೆ 3.2 ಸಲ. ಅಂದರೆ ಸುಮಾರು ಅರ್ಧಕ್ಕೆ ಇಳಿಯಿತು. ಮೂತ್ರದ ಕಲ್ಲು ಇರುವವರಿಗಂತೂ ನೀರೇ ಮುಖ್ಯ ಮದ್ದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು ಅಂತ ಯೂರಾಲಜಿಸ್ಟ್‌ಗಳು ಹೇಳುತ್ತಾರೆ. ಮುಂಬಯಿಯ ಹೋಟೆಲ್ ಕಿಚನ್ನುಗಳಲ್ಲಿ ಒಲೆಯೆದುರು ದಿನವಿಡೀ ಬೆವರು ಸುರಿಸುವ ನಮ್ಮ ಕರಾವಳಿಯ ಭಟ್ಟರಿಗೆ, ಸಪ್ಲೈಯರ್ ಹುಡುಗರಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ.

ಈಗ ಇನ್ನೊಬ್ಬರನ್ನು ನೋಡಿ. ಸೋಂಕಿಲ್ಲ, ಕಲ್ಲಿಲ್ಲ. ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಂಡು ಅವಸರ ಮಾಡುತ್ತದೆ. ಡಾಕ್ಟರು ಇದನ್ನು ಓವರ್‌ಆಕ್ಟಿವ್ ಬ್ಲ್ಯಾಡರ್ ಅನ್ನುತ್ತಾರೆ. ಇಂಥವರು ಕುಡಿಯುವುದನ್ನು ಕಾಲು ಭಾಗ ಕಡಿಮೆ ಮಾಡಿದಾಗ ಅವಸರವೂ ಕಡಿಮೆಯಾಯಿತು, ರಾತ್ರಿ ಏಳುವುದೂ ಕಡಿಮೆಯಾಯಿತು ಅಂತ ಕಂಡುಬಂದಿದೆ. ಅವರ ಕೈಗೆ "ನೀರು ಜಾಸ್ತಿ ಕುಡಿ" ಅಂತ ಬಾಟಲಿ ಕೊಟ್ಟರೆ ಏನಾಗುತ್ತದೆ? ಹಾರ್ಟ್ ದುರ್ಬಲವಾದವರಿಗೆ, ಕಿಡ್ನಿ ಕೆಟ್ಟವರಿಗೆ ಡಾಕ್ಟರೇ ನೀರಿಗೆ ಅಳತೆ ಹಾಕಿರುತ್ತಾರೆ. ಅವರ ವಿಷಯ ಬೇರೆಯೇ.

ವ್ಯಾಯಾಮದಲ್ಲೂ ಇದೇ ಕತೆ. ಕೀಗಲ್ ವ್ಯಾಯಾಮ ಅಂತ ಕೇಳಿರುತ್ತೀರಿ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಹಿಡಿದು, ಬಿಟ್ಟು ಬಲಪಡಿಸುವುದು. ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಮೂತ್ರ ಜಾರುವ ಹೆಂಗಸರಿಗೆ ಇದು ನಿಜಕ್ಕೂ ದೊಡ್ಡ ಮದ್ದು. ಇದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಂದು ವರದಿ ಕೊಟ್ಟಿತು. ವ್ಯಾಯಾಮ ಮಾಡಿದ ನೂರರಲ್ಲಿ 56 ಜನ ಗುಣವಾಯಿತು ಅಂದರು. ಮಾಡದವರಲ್ಲಿ ಹಾಗಂದವರು 6 ಜನ. ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಉಪಾಯ ವೈದ್ಯಕೀಯದಲ್ಲಿ ಅಪರೂಪ. ಆದರೆ ಇದನ್ನೇ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಇರುವವರಿಗೆ ಹೇಳಿದರೆ ಕತೆ ತಿರುಗುಮುರುಗಾಗುತ್ತದೆ. ಇದು ಸೋಂಕಿಲ್ಲದೆ ಮೂತ್ರಕೋಶ ನೋಯುವ ಕಾಯಿಲೆ. ತುಂಬಿದಂತೆ ನೋವು ಏರುತ್ತದೆ, ಖಾಲಿಯಾದಾಗ ಸ್ವಲ್ಪ ಇಳಿಯುತ್ತದೆ. ಇವರಲ್ಲಿ ಬಹಳ ಜನರಿಗೆ ಆ ಕೆಳಗಿನ ಸ್ನಾಯುಗಳು ಮೊದಲೇ ಬಿಗಿದು ಗಂಟಾಗಿರುತ್ತವೆ. ಅವನ್ನು ಮತ್ತೆ ಬಿಗಿದರೆ ನೋವು ಜಾಸ್ತಿ. ಅಮೆರಿಕದ ಯೂರಾಲಜಿ ಸಂಘದ ಮಾರ್ಗಸೂಚಿ ಇಂಥವರು ಕೀಗಲ್ ಮಾಡಬಾರದು ಅಂತ ನೇರವಾಗಿ ಹೇಳುತ್ತದೆ. ಅವರಿಗೆ ಬೇಕಾದದ್ದು ಸ್ನಾಯು ಸಡಿಲಿಸುವ ಫಿಸಿಯೋಥೆರಪಿ. ರೀಲ್ಸ್‌ನಲ್ಲಿ ಕೀಗಲ್ ಹೇಳಿಕೊಡುವವರು ಸುಳ್ಳು ಹೇಳುತ್ತಿಲ್ಲ. ಯಾರಿಗೆ ಅನ್ನುವುದನ್ನು ಬಿಟ್ಟಿದ್ದಾರೆ, ಅಷ್ಟೇ. ಆ ಅಷ್ಟರಲ್ಲೇ ಎಲ್ಲ ಇದೆ.

ಉರಿ, ಅವಸರ, ಪದೇ ಪದೇ ಹೋಗುವುದು. ಈ ಮೂರು ಲಕ್ಷಣ ಹೊತ್ತು ಬರುವ ಕಾಯಿಲೆಗಳು ಇನ್ನೂ ಇವೆ. ಶುಗರ್ ಏರಿದರೂ ಮೂತ್ರ ಜಾಸ್ತಿ. ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿದರೂ ಹೀಗೆಯೇ. ಐವತ್ತು ದಾಟಿದ ಹೆಂಗಸರಲ್ಲಿ ಹೊಟ್ಟೆ ಉಬ್ಬರದ ಜೊತೆ ಹೊಸದಾಗಿ ಈ ಅವಸರ ಶುರುವಾಗಿ ನಿಲ್ಲದಿದ್ದರೆ ಅಂಡಾಶಯವನ್ನೂ ನೋಡಬೇಕಾಗುತ್ತದೆ. ಇನ್ನೊಂದು ಕಾಯಿಲೆಯ ಹೆಸರು ಸಲಹೆಗಳಲ್ಲಿ ಬರುವುದೇ ಇಲ್ಲ. ಮುಂಬಯಿಯಂಥ ಊರಲ್ಲಿ ಅದನ್ನು ಮರೆಯುವ ಹಾಗಿಲ್ಲ: ಟಿಬಿ. ಶ್ವಾಸಕೋಶಕ್ಕೆ ಬರುವ ಟಿಬಿ ಕಿಡ್ನಿಗೂ ಮೂತ್ರಕೋಶಕ್ಕೂ ಇಳಿಯಬಹುದು.

ಇದರ ಸುಳಿವು ಎಷ್ಟೋ ಸಲ ಕೈಯಲ್ಲೇ ಇರುತ್ತದೆ. ಲ್ಯಾಬಿನ ರಿಪೋರ್ಟನ್ನು ಬಿಡಿಸಿ ನೋಡಿ. ಒಂದು ಹಾಳೆಯಲ್ಲಿ ಪಸ್ ಸೆಲ್ಸ್ ಅಂತ ಒಂದು ಸಾಲು ಇರುತ್ತದೆ. ಸಾಮಾನ್ಯವಾಗಿ ಅದು ಐದರ ಒಳಗೆ ಇರಬೇಕು. ಅಲ್ಲಿ ಇಪ್ಪತ್ತು ಮೂವತ್ತು ಅಂತ ಬರೆದಿದೆ ಅನ್ನಿ. ಇನ್ನೊಂದು ಹಾಳೆ ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ರಿಪೋರ್ಟ್, ಅದರಲ್ಲಿ "ನೋ ಗ್ರೋತ್". ಒಂದರಲ್ಲಿ ಕೀವು, ಇನ್ನೊಂದರಲ್ಲಿ ಕ್ರಿಮಿ ಇಲ್ಲ. ಸ್ಯಾಂಪಲ್ ಕೊಡುವ ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಹೀಗಾಗುತ್ತದೆ. ಕಲ್ಲಿದ್ದರೂ ಆಗಬಹುದು. ಟಿಬಿ ಇದ್ದರೂ ಹೀಗೆಯೇ, ಯಾಕೆಂದರೆ ಸಾಮಾನ್ಯ ಕಲ್ಚರಿನಲ್ಲಿ ಟಿಬಿಯ ಕ್ರಿಮಿ ಬೆಳೆಯುವುದಿಲ್ಲ. ಅದಕ್ಕೆ ಬೆಳಗಿನ ಮೊದಲ ಮೂತ್ರವನ್ನು ಒಂದಕ್ಕಿಂತ ಹೆಚ್ಚು ದಿನ ಕೊಟ್ಟು ಬೇರೆ ಪರೀಕ್ಷೆ ಮಾಡಿಸಬೇಕು. ಪತ್ತೆಯಾಗದೆ ವರ್ಷಗಟ್ಟಲೆ ಉಳಿದರೆ ಮೂತ್ರಕೋಶ ಸುಕ್ಕುಗಟ್ಟಿ ಪುಟ್ಟದಾಗಿಬಿಡುತ್ತದೆ. ಬಾರ್ಲಿ ನೀರು ಇದಕ್ಕೆ ಕೆಡುಕು ಮಾಡುವುದಿಲ್ಲ. ಅದು ಕೊಡುವ ಸಮಾಧಾನದಲ್ಲಿ ತಿಂಗಳುಗಳು ಕಳೆಯುತ್ತವೆ, ಕೆಡುಕು ಅಲ್ಲಿರುವುದು.

ಹಾಗಾದರೆ ಬಾರ್ಲಿ ನೀರು ಕುಡಿದು ಗುಣವಾಯಿತು ಅನ್ನುವವರೆಲ್ಲ ಸುಳ್ಳರಾ? ಅಲ್ಲ. ಅವರಿಗೆ ನಿಜಕ್ಕೂ ಆರಾಮವಾಗಿರುತ್ತದೆ. ಈ ದೀರ್ಘಕಾಲದ ತೊಂದರೆಗಳು ಸಮುದ್ರದ ಭರತ ಇಳಿತದ ಹಾಗೆ. ಏರುತ್ತವೆ, ತಾವಾಗಿಯೇ ಇಳಿಯುತ್ತವೆ. ಮನುಷ್ಯ ಮದ್ದು ಹುಡುಕುವುದು ಯಾವಾಗ? ನೋವು ತಾಳಲಾರದಷ್ಟು ಏರಿದಾಗ. ಆಗ ಏನು ಕುಡಿದರೂ ಒಂದೆರಡು ವಾರದಲ್ಲಿ ನೋವು ಹೇಗೂ ಇಳಿಯುತ್ತಿತ್ತು. ಹೆಸರು ಮಾತ್ರ ಕುಡಿದದ್ದಕ್ಕೆ ಹೋಗುತ್ತದೆ. ಗುಣವಾಗದವರು ಗ್ರೂಪಿನಲ್ಲಿ ಬರೆಯುವುದಿಲ್ಲ. "ನನಗೇನೂ ಆಗಲಿಲ್ಲ" ಅಂತ ಮೆಸೇಜ್ ಹಾಕಿ ಸಂಘದ ಹಿರಿಯರನ್ನು ಮುಜುಗರಕ್ಕೆ ತಳ್ಳುವವರು ಯಾರು? ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದು ಬರೀ ಗೆದ್ದವರ ಕತೆ. ಡಾಕ್ಟರಿಗೂ ಈ ಮೋಸ ತಪ್ಪಿದ್ದಲ್ಲ. ಅವಸರದ ಮೂತ್ರಕ್ಕೆ ಮಾತ್ರೆ ಪರೀಕ್ಷಿಸುವಾಗ ಬರೀ ಸಕ್ಕರೆ ಗುಳಿಗೆಯಂಥದ್ದನ್ನು ತೆಗೆದುಕೊಂಡವರಲ್ಲೂ ಸಾಕಷ್ಟು ಜನ ಸುಧಾರಿಸುತ್ತಾರೆ. ಅದಕ್ಕೇ ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಹುಸಿಮದ್ದು ಕೊಟ್ಟು ಹೋಲಿಸುವ ಕ್ರಮ ಬಂದದ್ದು.

ಆ ಹೋಲಿಕೆಯಲ್ಲಿ ನಿಂತದ್ದು ಯಾವುದು, ಬಿದ್ದದ್ದು ಯಾವುದು? ಸೋಂಕು ತಡೆಯಲು ಅಂತ ಕುಡಿಯುವ ಕ್ರ್ಯಾನ್‌ಬೆರಿ ಹಣ್ಣಿನ ರಸದ ಬಗ್ಗೆ ಕಾಕ್ರೇನ್ 2012ರಲ್ಲಿ ಅಂಥ ಪ್ರಯೋಜನ ಕಾಣುವುದಿಲ್ಲ ಅಂದಿತ್ತು. 2023ರ ಹೊತ್ತಿಗೆ 50 ಅಧ್ಯಯನಗಳಾಗಿದ್ದವು. ಆಗ ಮಾತು ಬದಲಾಯಿತು: ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ಇಳಿಯುತ್ತದೆ, ಮಕ್ಕಳಿಗೂ ಉಪಯೋಗ ಇದೆ, ಆದರೆ ಗರ್ಭಿಣಿಯರಿಗೆ, ವೃದ್ಧಾಶ್ರಮದಲ್ಲಿರುವ ಹಿರಿಯರಿಗೆ ಉಪಯೋಗ ಕಾಣಲಿಲ್ಲ. ಮಾತು ಬದಲಿಸಿದ್ದಕ್ಕೆ ನನಗೆ ಅವರ ಮೇಲಿನ ನಂಬಿಕೆ ಹೆಚ್ಚಿತು. ಇದು ಕೂಡ ಸೋಂಕು ಬಾರದಂತೆ ತಡೆಯುವ ಮಾತು. ಬಂದ ಸೋಂಕನ್ನು ಗುಣಪಡಿಸುವುದಲ್ಲ. ನೋಯುವ ಮೂತ್ರಕೋಶದವರು ಆ ಹುಳಿ ರಸ ಕುಡಿದರೆ ಉರಿ ಏರುವುದೇ ಹೆಚ್ಚು.

ಸೋಂಕು ತಡೆಯಲು ಅಂತ ಮಾರುವ ಡಿ-ಮ್ಯಾನೋಸ್ ಎಂಬ ಸಕ್ಕರೆ ಜಾತಿಯ ಪುಡಿಯ ಕತೆ ಬೇರೆ. ಮೆಡಿಕಲ್ ಅಂಗಡಿಗಳಲ್ಲಿ ಈಗ ಒಳ್ಳೆ ದುಡ್ಡಿಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ 598 ಹೆಂಗಸರ ಮೇಲೆ ಆರು ತಿಂಗಳು ನಡೆದ ಅಧ್ಯಯನ 2024ರಲ್ಲಿ ಬಂತು. ಅದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 51 ಜನ ಮತ್ತೆ ಸೋಂಕೆಂದು ಡಾಕ್ಟರ ಹತ್ತಿರ ಹೋದರು, ಹುಸಿಪುಡಿ ತಿಂದವರಲ್ಲಿ ಸುಮಾರು 56. ಅಂಥ ವ್ಯತ್ಯಾಸವೇನಲ್ಲ. ಪ್ರಾಸ್ಟೇಟಿಗೆ ಅಂತ ಮಾರುವ ಸಾ ಪಾಲ್ಮೆಟ್ಟೊ ಎಂಬ ಗಿಡಮೂಲಿಕೆ ಕೂಡ ಹೀಗೆಯೇ ಬಿತ್ತು. ಮೂರು ಪಟ್ಟು ಡೋಸ್ ಕೊಟ್ಟು ನೋಡಿದರೂ ಹುಸಿಮಾತ್ರೆಗಿಂತ ಮೇಲಾಗಲಿಲ್ಲ. ಅಡಿಗೆ ಸೋಡ ನೀರಿನ ಬಗ್ಗೆ ಹೇಳುವುದಾದರೆ, ಅದರ ಹಾಗೆಯೇ ಮೂತ್ರದ ಹುಳಿ ಇಳಿಸುವ ಸಿರಪ್‌ಗಳಿಂದ ಸೋಂಕಿನ ತೊಂದರೆ ಕಡಿಮೆಯಾಗುತ್ತದಾ ಅಂತ ಕಾಕ್ರೇನ್‌ನವರು 2016ರಲ್ಲಿ ಹುಡುಕಿದಾಗ ಲೆಕ್ಕಕ್ಕೆ ಹಿಡಿಯುವಂಥ ಒಂದು ಅಧ್ಯಯನವೂ ಸಿಗಲಿಲ್ಲ. ಒಂದು ಚಮಚ ಸೋಡದಲ್ಲಿ ಸಾವಿರ ಮಿಲಿಗ್ರಾಮಿಗೂ ಹೆಚ್ಚು ಸೋಡಿಯಂ ಇರುತ್ತದೆ. ಬಿ.ಪಿ. ಇರುವವರು ಊಟಕ್ಕೆ ಉಪ್ಪು ಕಡಿಮೆ ಮಾಡಿ ಇದನ್ನು ದಿನವೂ ಕುಡಿದರೆ ಏನು ಬಂತು?

"ಗಿಡಮೂಲಿಕೆ ತಾನೇ, ಹಾನಿ ಏನಿದೆ?" ಅನ್ನುವ ಮಾತಿಗೆ ನಮ್ಮ ಕರಾವಳಿಯೇ ಉತ್ತರ ಕೊಡುತ್ತದೆ. ಊರ ಕಡೆ ಈಶ್ವರಿ ಬಳ್ಳಿ ಎಲ್ಲರಿಗೂ ಗೊತ್ತು. ಹಾವಿನ ವಿಷಕ್ಕೆ ಅಂತ ಅದರ ಬೇರನ್ನು ಹಿರಿಯರು ಬಳಸುತ್ತಿದ್ದರು. ಆ ಗಿಡದ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸಲು ಕೊಟ್ಟ ಗಿಡಮೂಲಿಕೆ ಗುಳಿಗೆಗಳಲ್ಲಿ ಇದೇ ಕುಲದ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯಿತು. ಅದು ಬೆಳಕಿಗೆ ಬಂದದ್ದು 1993ರಲ್ಲಿ. ಆಮೇಲೆ ಅವರಲ್ಲಿ ಕೆಲವರಿಗೆ ಮೂತ್ರನಾಳದಲ್ಲೇ ಕ್ಯಾನ್ಸರ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್ ತರುವುದು ಖಚಿತವಾದ ಪದಾರ್ಥಗಳ ಪಟ್ಟಿಯಲ್ಲಿ ಇಟ್ಟಿದೆ. ಬಿಂಬುಳಿ ಎಂಬ ಹುಳಿ ಕಾಯಿಯೂ ಅಳತೆ ಮೀರಿದರೆ ಹಾನಿ ಮಾಡುತ್ತದೆ. ಸಾರಿಗೆ, ಉಪ್ಪಿನಕಾಯಿಗೆ ಒಂದೆರಡು ಹಾಕಿದರೆ ಏನೂ ಆಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಲೋಟಗಟ್ಟಲೆ ಗಟ್ಟಿರಸ ಕುಡಿದ ಹತ್ತು ಜನರ ಕಿಡ್ನಿ ಕೈಕೊಟ್ಟ ಬಗ್ಗೆ ಕೇರಳದ ಡಾಕ್ಟರುಗಳು 2013ರಲ್ಲಿ ಬರೆದರು. ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಅದರಲ್ಲಿರುವ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಅಡಿಗೆಯ ಅಳತೆ ಬೇರೆ, ಮದ್ದಿನ ಅಳತೆ ಬೇರೆ.

ಹಾಗಂತ ಇಂಗ್ಲಿಷ್ ಮದ್ದೆಲ್ಲ ಕಣ್ಣುಮುಚ್ಚಿ ನುಂಗಬಹುದು ಅಂತಲೂ ಅಲ್ಲ. ನೋಯುವ ಮೂತ್ರಕೋಶಕ್ಕೆ ಅಂತ ಪೆಂಟೋಸಾನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತು. ವರ್ಷಗಟ್ಟಲೆ ತೆಗೆದುಕೊಂಡ ಕೆಲವರ ಕಣ್ಣಿನ ಅಕ್ಷಿಪಟಲ ಕೆಡುವುದನ್ನು ಕಣ್ಣಿನ ಡಾಕ್ಟರುಗಳು ಗಮನಿಸಿದ್ದು 2018ರಲ್ಲಿ. ಲೇಬಲ್ಲಿನ ಮೇಲೆ ಎಚ್ಚರಿಕೆ ಬಂದದ್ದು 2020ರಲ್ಲಿ. ಆಂಟಿಬಯಾಟಿಕ್ಕಿನದು ಇನ್ನೂ ದೊಡ್ಡ ರಗಳೆ. ಹೋದ ಸಲದ ಸ್ಟ್ರಿಪ್ಪಿನಲ್ಲಿ ಉಳಿದ ನಾಲ್ಕು ಮಾತ್ರೆ, ಪಕ್ಕದ ಮನೆಯವರಿಗೆ ಬರೆದುಕೊಟ್ಟ ಚೀಟಿ, ಮೆಡಿಕಲ್‌ನವನು "ಇದೇ ತಗೊಳ್ಳಿ" ಅಂದದ್ದು. ಸೋಂಕೇ ಇಲ್ಲದ ನೋವಿಗೆ ದೀರ್ಘಕಾಲ ಆಂಟಿಬಯಾಟಿಕ್ ಕೊಡಬಾರದು ಅಂತ ಮಾರ್ಗಸೂಚಿಗಳಲ್ಲಿ ಸ್ಪಷ್ಟವಾಗಿಯೇ ಇದೆ. ಆದರೂ ಕೊಡುವವರಿದ್ದಾರೆ, ಕೇಳಿ ಪಡೆಯುವವರೂ ಇದ್ದಾರೆ.

ಮಾರುವವರ ವಿಷಯಕ್ಕೆ ಬಂದರೆ ಕಾನೂನು ಹಳೆಯದು, ಚೆನ್ನಾಗಿಯೂ ಇದೆ. 1954ರ ಮಾಯಾ ಮದ್ದುಗಳ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಕಿಡ್ನಿ ಮತ್ತು ಮೂತ್ರಕೋಶದ ಕಲ್ಲು, ಪ್ರಾಸ್ಟೇಟಿನ ತೊಂದರೆ, ಡಯಾಬಿಟಿಸ್ ಎಲ್ಲ ಇವೆ. ಇವನ್ನು ಗುಣಪಡಿಸುತ್ತೇವೆ ಅಂತ ಮದ್ದಿನ ಜಾಹೀರಾತು ಕೊಡುವುದೇ ಅಪರಾಧ. ಲೋಕಲ್ ಗಾಡಿಯ ಗೋಡೆಗೆ ಅಂಟಿಸಿದ ಇಂಥ ಜಾಹೀರಾತು ನೋಡಿದವರಿಗೆ ಈ ಕಾಯ್ದೆ ಎಷ್ಟು ಜೀವಂತವಾಗಿದೆ ಅಂತ ಗೊತ್ತು. 2023ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರೀಲ್ಸ್ ಮಾಡುವವರಿಗೂ ನಿಯಮ ತಂದಿತು. ಆರೋಗ್ಯದ ಬಗ್ಗೆ ಮಾತಾಡುವ ಡಾಕ್ಟರು ತನ್ನ ಅರ್ಹತೆ ಹೇಳಬೇಕು. ಡಾಕ್ಟರಲ್ಲದವರು ತಮ್ಮ ಮಾತು ವೈದ್ಯಕೀಯ ಸಲಹೆಗೆ ಬದಲಿಯಲ್ಲ ಅಂತ ಹೇಳಬೇಕು. ಒಂದು ವಿನಾಯಿತಿ ಇದೆ: "ನೀರು ಕುಡಿಯಿರಿ" ಎಂಬಂಥ ಸಾಮಾನ್ಯ ಮಾತಿಗೆ, ಅದು ಯಾವ ಸಾಮಾನಿಗೂ ಯಾವ ಕಾಯಿಲೆಗೂ ಅಂಟಿಕೊಂಡಿಲ್ಲದಿದ್ದರೆ, ಈ ಹೊರೆ ಇಲ್ಲ. ಮೂತ್ರಕೋಶದ ತೊಂದರೆ ಇರುವವರ ಮಟ್ಟಿಗೆ ಆ ಮಾತೂ ಅಷ್ಟೇನೂ ಸಾಮಾನ್ಯವಲ್ಲ ಅಲ್ವಾ?

ನಾನು ಸಲಹೆಯನ್ನು ತೂಗುವುದು ಹೀಗೆ. ಯಾರಿಗೆ, ಎಷ್ಟು, ಎಷ್ಟು ದಿನ, ಆಗದಿದ್ದರೆ ಯಾವಾಗ ನಿಲ್ಲಿಸಬೇಕು, ಇಷ್ಟನ್ನು ಹೇಳಿದರೆ ಕಿವಿಗೊಡುತ್ತೇನೆ. "ಎಲ್ಲ ಮೂತ್ರರೋಗಕ್ಕೂ" ಅಂದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಹೇಳುವವರೇ ಡಬ್ಬಿಯನ್ನೂ ಮಾರುತ್ತಿದ್ದರೆ ಕೇಳುವುದೇ ಇಲ್ಲ. ಡಾಕ್ಟರ ಮಾತ್ರೆ ನಿಲ್ಲಿಸಿ ಅಂದರೆ, ಹೇಳುವವರು ಎಷ್ಟೇ ಆಪ್ತರಾದರೂ ಬೇಡ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದಾದ ಸಲಹೆಗಳೂ ಇವೆ. ಆಹಾರದ್ದು ಅಂಥದ್ದು. ನೋಯುವ ಮೂತ್ರಕೋಶದವರಲ್ಲಿ ಬಹಳ ಜನರಿಗೆ ಕಾಫಿ, ಚಹಾ, ಸೋಡ ಪಾನೀಯ, ಮದ್ಯ, ನಿಂಬೆ ಜಾತಿಯ ಹಣ್ಣು, ಟೊಮೆಟೊ, ಖಾರ ಇವು ಆಗುವುದಿಲ್ಲ. ಆದರೆ ಎಲ್ಲರಿಗೂ ಎಲ್ಲವೂ ಅಲ್ಲ. ಎಲ್ಲವನ್ನೂ ಒಟ್ಟಿಗೆ ಬಿಟ್ಟು ಮೊಸರನ್ನದಲ್ಲೇ ವರ್ಷ ಕಳೆಯುವವರನ್ನು ನೋಡಿದ್ದೇನೆ, ಪಾಪ. ಅದು ಬೇಕಾಗಿಲ್ಲ. ಕೆಲವು ವಾರ ಅನುಮಾನದ ಪದಾರ್ಥಗಳನ್ನು ಬಿಟ್ಟು, ಆರಾಮವಾದರೆ ಒಂದೊಂದನ್ನೇ ಕೆಲವು ದಿನಗಳ ಅಂತರದಲ್ಲಿ ಮರಳಿ ತಿಂದು ನೋಡಬೇಕು. ಟೊಮೆಟೊ ಸಾರು ತಿಂದ ದಿನ ಏರಿತಾ? ಪುನರ್ಪುಳಿ ಶರಬತ್ತು ಕುಡಿದ ದಿನ? ಎರಡು ಮೂರು ಸಲ ಅದೇ ಆದರೆ ನಂಬಬಹುದು. ಕಾಫಿಯನ್ನು ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ದಿನಕ್ಕೆ ಅರ್ಧ ಲೋಟದಂತೆ ಇಳಿಸುವುದು ಲೇಸು.

ಇದಕ್ಕೆಲ್ಲ ಒಂದು ಹಳೇ ನೋಟ್‌ಬುಕ್ಕು, ಅಡುಗೆಮನೆಯಿಂದ ಬೇರೆ ಇಟ್ಟ ಒಂದು ಅಳತೆ ಮಗ್ಗು ಸಾಕು. ಮೂರು ದಿನ ಬರೆಯಿರಿ: ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಎಂಎಲ್, ಅವಸರ ಇತ್ತಾ, ನೋವು ಇತ್ತಾ, ಜಾರಿತಾ. ದೊಡ್ಡವರಿಗೆ ಹಗಲಲ್ಲಿ ಏಳೆಂಟು ಸಲ ಹೋಗುವುದು ಸಹಜ. ಒಂದು ಸಲಕ್ಕೆ ಮುನ್ನೂರು ನಾನೂರು ಎಂಎಲ್ ಹೋಗಿ ದಿನದ ಲೆಕ್ಕ ಮೂರು ಲೀಟರ್ ದಾಟಿದರೆ ತೊಂದರೆ ಮೂತ್ರಕೋಶದ್ದಲ್ಲ, ನೀರು ಅಥವಾ ಶುಗರ್ ಕಡೆ ನೋಡಬೇಕು. ಪ್ರತಿ ಸಲ ಐವತ್ತು ಅರವತ್ತೇ ಆದರೆ ಮೂತ್ರಕೋಶದ ಕಡೆ. ಈ ಒಂದು ಹಾಳೆ ಹತ್ತು ಮೆಸೇಜಿಗಿಂತ ಹೆಚ್ಚು ಹೇಳುತ್ತದೆ.

ಲೋಕಲ್‌ನಲ್ಲಿ ಓಡಾಡುವವರಿಗೆ ಒಳ್ಳೆಯ ಸಲಹೆಯನ್ನು ಪಾಲಿಸುವುದೂ ಕಷ್ಟ. ಗಂಡಸರಿಗೆ ಬಿಟ್ಟಿ, ಹೆಂಗಸರಿಗೆ ಕಾಸು ಎಂಬ ಮುಂಬಯಿ ಶೌಚಾಲಯಗಳ ಕ್ರಮದ ವಿರುದ್ಧ 2011ರಲ್ಲಿ 'ರೈಟ್ ಟು ಪೀ' ಚಳವಳಿ ಶುರುವಾಯಿತು. ಒಂದಿಷ್ಟು ಸುಧಾರಿಸಿದೆ, ಆದರೂ ಸ್ಟೇಷನ್ನಿನ ಟಾಯ್ಲೆಟ್ ನೋಡಿಯೇ ನೀರಿನ ಬಾಟಲಿ ಮುಚ್ಚಿಡುವವರು ಈಗಲೂ ಇದ್ದಾರೆ. ಅವರಿಗೆ ನೀರಿನ ಹೊತ್ತನ್ನು ಬದಲಿಸುವುದೇ ಸಾಧ್ಯವಾದ ಉಪಾಯ: ಪ್ರಯಾಣಕ್ಕೆ ಮೊದಲು ಕಡಿಮೆ, ಆಫೀಸು ಮುಟ್ಟಿದ ಮೇಲೆ ಮಧ್ಯಾಹ್ನದವರೆಗೆ ಹೆಚ್ಚು, ಸಂಜೆ ಮನೆಗೆ ಬಂದ ಮೇಲೆ ಉಳಿದದ್ದು.

ಕೆಲವಕ್ಕೆ ಮಾತ್ರ ಕಾಯುವ ಹಾಗಿಲ್ಲ. ಮೂತ್ರದಲ್ಲಿ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ಮರುದಿನ ತಾನಾಗಿಯೇ ನಿಂತರೂ, ತೋರಿಸಲೇಬೇಕು. ಬೀಡಿ ಸಿಗರೇಟು ಸೇದುವವರಂತೂ ತಡ ಮಾಡಬಾರದು, ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ. ಚಳಿ ಜ್ವರ, ಸೊಂಟದ ಮೇಲೆ ನೋವು, ಮೂತ್ರ ಕಟ್ಟಿಹೋಗುವುದು, ಇವು ಅವತ್ತೇ ಆಸ್ಪತ್ರೆಗೆ. ಗರ್ಭಿಣಿಯರಿಗೆ ಉರಿಮೂತ್ರ ಬಂದರೆ ಯಾವ ಕಷಾಯವೂ ಬೇಡ.

ಕೆಇಎಂ, ಸಾಯನ್, ನಾಯರ್‌ನಂಥ ಮುನಿಸಿಪಲ್ ಆಸ್ಪತ್ರೆಯ ಓಪಿಡಿಯಲ್ಲಿ ಕೇಸ್ ಪೇಪರ್ ಮಾಡಿಸಿ ಡಾಕ್ಟರ ಮುಂದೆ ಕೂತಾಗ ಸಿಗುವುದು ಕೆಲವೇ ನಿಮಿಷ. ಆಗ ಕತೆ ಹೇಳುವ ಬದಲು ಮೂರು ದಿನದ ಹಾಳೆ, ಹಳೆಯ ಕಲ್ಚರ್ ರಿಪೋರ್ಟುಗಳು, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ಮುಂದಿಡಿ. ಶುಗರಿಗೆ ಕೊಡುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುತ್ತದೆ. ಅದರಿಂದ ಮೂತ್ರವೂ ಜಾಸ್ತಿ, ಕೆಳಗೆ ತುರಿಕೆ, ಫಂಗಸ್ಸೂ ಜಾಸ್ತಿ. ಕಷಾಯ, ಪುಡಿ, ಬೇರು ಏನು ಕುಡಿದಿದ್ದರೂ ಹೇಳಿ, ಬೈಸಿಕೊಂಡರೂ ಪರವಾಗಿಲ್ಲ. ಕಲ್ಚರಿಗೆ ಬರೆದುಕೊಟ್ಟರೆ ಮೊದಲು ಸ್ಯಾಂಪಲ್ ಕೊಡಿ, ಮಾತ್ರೆ ಆಮೇಲೆ. ಶುರುವಿನದು ಬಿಟ್ಟು ಮಧ್ಯದ ಮೂತ್ರ ಹಿಡಿಯಿರಿ, ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ. ರಿಪೋರ್ಟು ಬರಲು ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರವರೆಗೆ ಬಾರ್ಲಿ ನೀರು ಕುಡಿಯುತ್ತೀರಾದರೆ ಕುಡಿಯಿರಿ, ಅದಕ್ಕೆ ಯಾವ ಡಾಕ್ಟರೂ ಬೇಡ ಅನ್ನಲಿಕ್ಕಿಲ್ಲ.